ಆಟದ ಹೆಸರಿನಲ್ಲಿ ಒಂದು ಪುಸ್ತಕ

ಬೆಳಗಿನ ಮೀಟಿಂಗಿನಲ್ಲಿ ಭೂಗೋಳದ ಮೇಷ್ಟ್ರು ಗಡಿಯಾರ ನೋಡಲೆಂದು ತಲೆ ಎತ್ತಿದ್ದೇ ತಪ್ಪಾಯಿತು. "ಪುಸ್ತಕ ಆರಿಸೋ ಜವಾಬ್ದಾರಿ ಯಾರು ತಗೋತೀರಿ?" ಎಂದು ಹೆಡ್ ಮೇಡಂ ಕೇಳಿದ್ದು ಅದೇ ಕ್ಷಣಕ್ಕೆ. ಅನುಭವಸ್ಥರೆಲ್ಲ ಡೈರಿಯೊಳಗೆ ಮುಖ ಹುದುಗಿಸಿ ಕೂತಿದ್ದರು. ಕೋಣೆಯಲ್ಲಿ ಎತ್ತಿದ ತಲೆ ಅದೊಂದೇ.

"ಸಂತೋಷ, ಮೇಷ್ಟ್ರೇ," ಎಂದರು ಮೇಡಂ. "ಪುಸ್ತಕದ ವ್ಯಾನು ಗೇಟಿನ ಹತ್ರ ನಿಂತಿದೆ, ನಾಲ್ಕಕ್ಕೆ ಹೊರಡುತ್ತೆ. ಪಾಠ ಮಾಡೋರಿಗೆ ಉಪಯೋಗಕ್ಕೆ ಬರೋ ಪುಸ್ತಕ, ವಿಷಯಕ್ಕೆ ಒಂದು. ಆರು ವಿಷಯ, ಆರು ಪುಸ್ತಕ. ಪಟ್ಟೀಲಿ ಯಾವ ವಿಷಯದ ಹೆಸರಲ್ಲಿ ಬರೀತೀರೋ ಆ ವಿಷಯದವರ ಕೈಗೇ ಹೋಗ್ಬೇಕು, ಸಹಿ ಹಾಕಿಸ್ಕೊಳ್ಳಿ. ಹೋದ ಸಲದವು ಎಲ್ಲಿವೆ ಅಂತ ಇವತ್ತಿಗೂ ಗೊತ್ತಿಲ್ಲ."

ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡರೂ ಒಳಗೊಳಗೇ ಹಿಗ್ಗಿದರು. ಅವರಿಗೆ ಒಂದು ಪುಸ್ತಕ ಜರೂರಾಗಿ ಬೇಕಿತ್ತು. ಅವರು ಗೋಡೆಗೆ ಭೂಪಟ ತೂಗುಹಾಕಿ ಕೋಲು ಹಿಡಿದರೆ ಸಾಕು, ಹಿಂದಿನ ಬೆಂಚಿನಲ್ಲಿ ಹುಟ್ಟಿದ ಆಕಳಿಕೆ ಸಾಲುಸಾಲಾಗಿ ಮುಂದೆ ಬಂದು ಕೊನೆಗೆ ಅವರ ಬಾಯನ್ನೇ ಸೇರುತ್ತಿತ್ತು. ಮುಂದಿನ ವಾರ ಹೆಡ್ ಮೇಡಂ ಅವರ ಕ್ಲಾಸಿನಲ್ಲಿ ಬಂದು ಕೂರುವವರಿದ್ದರು. "ಹೀಗೇ ಆದ್ರೆ ಭೂಗೋಳ ಬೇರೆಯವರಿಗೆ ಕೊಡ್ಬೇಕಾಗುತ್ತೆ" ಎಂದು ಹೇಳಿಯೂ ಆಗಿತ್ತು. ಹನ್ನೊಂದು ವರ್ಷದಿಂದ ಹೇಳಿಕೊಟ್ಟ ವಿಷಯ. ಅದು ಕೈತಪ್ಪಿದರೆ ತಾನು ಯಾರು ಎಂದು ಯೋಚಿಸಿದರೆ ಮೇಷ್ಟ್ರಿಗೆ ನಿಜವಾಗಿಯೂ ಹೆದರಿಕೆಯಾಗುತ್ತಿತ್ತು.

ವ್ಯಾನಿನಲ್ಲಿ ಪುಸ್ತಕ ಮಾರುವ ಹೆಂಗಸನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು. ಮೇಷ್ಟ್ರ ಕಷ್ಟ ಕೇಳಿ ಆಕೆ ಕೆಳಗಿನ ಅಡ್ಡಹಲಗೆಯಿಂದ ಒಂದು ತೆಳ್ಳನೆಯ ಪುಸ್ತಕ ಎಳೆದಳು. ನೆಲದ ಮೇಲೆ ದೊಡ್ಡದಾಗಿ ಭೂಪಟ ಬರೆದು, ಮಕ್ಕಳನ್ನು ಅದರ ಮೇಲೆ ನಡೆಸಿ ಪಾಠ ಮಾಡುವುದು ಹೇಗೆಂದು ಅದರಲ್ಲಿ ಪುಟಪುಟಕ್ಕೂ ಚಿತ್ರ ಹಾಕಿ ತೋರಿಸಿತ್ತು. ಮೇಷ್ಟ್ರು ನಾಲ್ಕು ಪುಟ ತಿರುವಿದರು, ಎದೆ ಹಗುರಾಯಿತು.

"ಒಂದೇ ಪ್ರತಿ ಉಳಿದಿರೋದು. ಸ್ಕೂಲಿನ ಪಟ್ಟೀಲಿ ಬರೆದ್ರೆ ಕೊಡ್ತೀನಿ, ಬಿಡಿಯಾಗಿ ಮಾರಲ್ಲ," ಎಂದಳು ಅಕ್ಕ.

ಮೇಷ್ಟ್ರು 'ಸಮಾಜ' ಎಂಬ ಸಾಲಿನ ಮುಂದೆ ಪೆನ್ನು ಊರುವಷ್ಟರಲ್ಲಿ ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ಚರಿತ್ರೆಯ ಮೇಡಂ.

"ಸಮಾಜ ಅಂದ್ರೆ ಚರಿತ್ರೆನೂ ಸೇರುತ್ತೆ ಅಲ್ವೇನಪ್ಪಾ? ನಾನು ಈ ಸ್ಕೂಲಿಗೆ ಬಂದಾಗ ನೀನಿನ್ನೂ ಪರೀಕ್ಷೆ ಬರೀತಿದ್ದೆ." ಅವರು ರಾಜರ ಇತಿಹಾಸದ ದಪ್ಪ ಪುಸ್ತಕವೊಂದನ್ನು ಎತ್ತಿಕೊಂಡರು.

"ಇದು ನಿಮ್ಮ ಮೇಜಿನ ಮೇಲೆ ಆಗ್ಲೇ ಇದೆಯಲ್ಲ ಮೇಡಂ."

"ಇದೆ. ಅದಕ್ಕೇ ಇದು ಒಳ್ಳೇ ಪುಸ್ತಕ ಅಂತ ನಂಗೆ ಗೊತ್ತು."

ಮೇಷ್ಟ್ರ ಸಾಲು ಹೋಯಿತು. ಉಳಿದವರೂ ಸುದ್ದಿ ತಿಳಿದು ಒಬ್ಬೊಬ್ಬರಾಗಿ ಇಳಿದು ಬಂದರು. ಮಕ್ಕಳು ಲೆಕ್ಕದಲ್ಲಿ ಯಾಕೆ ಎಡವುತ್ತಾರೆ ಎಂದು ವಿವರಿಸುವ ಪುಸ್ತಕವನ್ನು ಮೇಷ್ಟ್ರು ಗಣಿತದವರ ಮುಂದೆ ಹಿಡಿದರು. "ಯಾಕೆ ಅಂತ ನಂಗೊತ್ತು, ಗಮನ ಕೊಡಲ್ಲ ಅಷ್ಟೆ. ಹಿಂದುಗಡೆ ಉತ್ತರ ಇರೋದು ಕೊಡಿ," ಎಂದರು ಅವರು. ವಿಜ್ಞಾನದ ಮೇಡಂ ಪ್ರಯೋಗಗಳ ಪುಸ್ತಕವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅದನ್ನು ತಗೊಂಡರೆ ಪ್ರಯೋಗಾಲಯದ ಬೀಗ ತೆಗೆಯಬೇಕಾಗುತ್ತದೆ. ಭಾಷೆಯ ಪಂಡಿತರು ಎರಡು ನಿಘಂಟುಗಳನ್ನು ಎರಡು ಕೈಯಲ್ಲಿ ತೂಗಿ ನೋಡಿ ಭಾರದ್ದನ್ನು ಇಟ್ಟುಕೊಂಡರು. ಪಂಡಿತರ ಪುಸ್ತಕಕ್ಕಿಂತ ತಮ್ಮದು ತೆಳ್ಳಗಾಯಿತೆಂದು ಚಿತ್ರಕಲೆಯವರು ಮುನಿಸಿಕೊಂಡು ಹೋಗಿ, ಎರಡು ಸಲ ವಾಪಸು ಬಂದರು.

ಮೇಷ್ಟ್ರು ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತರು. ಅಕ್ಕ ನೀರಿನ ಬಾಟಲಿ ಕೊಟ್ಟು ಹೇಳಿದಳು: "ಎಲ್ಲಾ ಸ್ಕೂಲಲ್ಲೂ ಹೀಗೇ ಸಾರ್. ತಮಗೆ ಗೊತ್ತಿರೋದು ಇರೋ ಪುಸ್ತಕಾನೇ ಹುಡುಕ್ತಾರೆ. ಗೊತ್ತಿಲ್ಲ ಅಂತ ಒಪ್ಕೊಂಡು ಬಂದೋರು ಇವತ್ತು ನೀವೊಬ್ರೇ."

ಆ ಮಾತಿಗೆ ಮೇಷ್ಟ್ರ ಕಣ್ಣು ಸ್ವಲ್ಪ ತೇವವಾಯಿತು. ಆದರೆ ಒಪ್ಪಿಕೊಂಡವನ ಕೈ ಮಾತ್ರ ಬರಿದಾಗಿತ್ತು. ಪಟ್ಟಿಯಲ್ಲಿ ಇನ್ನು ಉಳಿದದ್ದು 'ಆಟ' ಎಂಬ ಸಾಲೊಂದೇ.

ಆಟದ ಮೇಷ್ಟ್ರು ಮರದ ನೆರಳಲ್ಲಿ ಟೋಪಿಯನ್ನು ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದರು.

"ನಂಗ್ಯಾಕ್ರೀ ಪುಸ್ತಕ?" ಎಂದರು ಟೋಪಿಯೊಳಗಿಂದಲೇ. "ನಾನು ಓದೋದು ಸ್ಟಾಪ್‌ವಾಚ್ ಒಂದನ್ನೇ. ನನ್ನ ಹೆಸರಲ್ಲಿ ನಿಮಗೆ ಬೇಕಾದ್ದು ಬರ್ಕೊಳ್ಳಿ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಬಯಲಲ್ಲಿ ಮಾಡುವ ಪಾಠವೂ ಒಂದು ಬಗೆಯ ಆಟವೇ ಎಂದು ಮನಸ್ಸಿಗೆ ಸಮಾಧಾನ ಹೇಳಿ, ಆಟದ ಸಾಲಿನಲ್ಲಿ ಭೂಪಟದ ಪುಸ್ತಕ ಬರೆದರು. ನಿಯಮದ ಪ್ರಕಾರ ಅದನ್ನು ಆಟದ ಮೇಷ್ಟ್ರ ಕೈಗಿಟ್ಟು ಸಹಿ ಮಾಡಿಸಿಕೊಂಡರು. "ಸಂಜೆ ನಾನು ತಗೋತೀನಿ" ಎನ್ನುವಷ್ಟರಲ್ಲಿ ಬೆಲ್ಲು ಹೊಡೆಯಿತು. ಭೂಗೋಳದ ಮೇಷ್ಟ್ರು ಕ್ಲಾಸಿಗೆ ಓಡಿದರು.

ಆ ದಿನ ಕ್ಲಾಸಿನಲ್ಲಿ ಯಾರೂ ಆಕಳಿಸಲಿಲ್ಲ. ಪಾಠ ಈಗಲೇ ಸುಧಾರಿಸಿತೆಂದು ಮೇಷ್ಟ್ರು ಬೀಗಿದರು. ಅರ್ಧ ಗಂಟೆಯ ಮೇಲೆ ನೋಡಿದರೆ ಮಕ್ಕಳೆಲ್ಲ ಕಿಟಕಿಯಾಚೆ ಕತ್ತು ಚಾಚಿದ್ದರು.

ಮೈದಾನದ ತುಂಬ ಸುಣ್ಣದ ಗೆರೆ. ಆಟದ ಮೇಷ್ಟ್ರು ಒಂದು ಕೈಯಲ್ಲಿ ಪುಸ್ತಕ ಬಿಚ್ಚಿ ಹಿಡಿದು ಸೀಟಿ ಊದಿದರು. "ನದಿಯೋರು ಬೆಟ್ಟದಿಂದ ಇಳೀರಿ. ಗಾಳಿಯೋರು ಈ ಕಡೆಯಿಂದ. ಮಳೆ ಎಲ್ಲಿ ಬೀಳುತ್ತೆ, ಯಾರು ಹೇಳ್ತೀರಾ?" ನಲವತ್ತು ಕೈ ಒಟ್ಟಿಗೆ ಮೇಲೆದ್ದವು. ಈ ಪ್ರಶ್ನೆಯನ್ನು ಹನ್ನೊಂದು ವರ್ಷ ಕೇಳಿಯೂ ಭೂಗೋಳದ ಮೇಷ್ಟ್ರು ಒಂದು ಕೈಯನ್ನೂ ಕಂಡಿರಲಿಲ್ಲ.

ಅವರು ಕೆಳಗಿಳಿದು ಬಂದು ನೋಡುತ್ತ ನಿಂತುಬಿಟ್ಟರು. ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಮಕ್ಕಳಿಗೆ ಮಳೆ ಅರ್ಥವಾಗಿತ್ತು.

"ಸಾರ್, ನೀವು ಸಮುದ್ರದಲ್ಲಿ ನಿಂತಿದ್ದೀರಿ," ಎಂದಳು ಒಬ್ಬ ಹುಡುಗಿ. ಮೇಷ್ಟ್ರು ಕಾಲು ಹಿಂದೆಗೆದರು.

ಅಷ್ಟರಲ್ಲಿ ಹೆಡ್ ಮೇಡಂ ಬಂದರು. ಅವರ ಮುಖದಲ್ಲಿ ಇಂಥ ನಗು ಯಾರೂ ನೋಡಿರಲಿಲ್ಲ. "ಮೇಷ್ಟ್ರೇ, ಎಷ್ಟು ಯೋಚನೆ ಮಾಡಿ ಆರಿಸಿದ್ದೀರಿ. ಮುಂದಿನ ವಾರ ನಾನು ಬಂದು ಕೂರೋ ಅಗತ್ಯಾನೇ ಇಲ್ಲ. ನಾಳೆಯಿಂದ ಭೂಗೋಳ ಇವರು ತಗೊಳ್ಳಲಿ, ಆಟ ನೀವು ತಗೊಳ್ಳಿ."

ಆಟದ ಮೇಷ್ಟ್ರು ಸಂಕೋಚದಿಂದಲೇ ಸೀಟಿ ಬಿಚ್ಚಿ ಭೂಗೋಳದ ಮೇಷ್ಟ್ರ ಕೊರಳಿಗೆ ಹಾಕಿದರು. "ನಿಮ್ಮ ಉಪಕಾರ ಮರೆಯಲ್ಲ," ಎಂದರು. ಪುಸ್ತಕವನ್ನು ಮಾತ್ರ ಕಂಕುಳಿಂದ ತೆಗೆಯಲಿಲ್ಲ.

ನಾಲ್ಕಕ್ಕೆ ಇನ್ನು ಐದು ನಿಮಿಷವಿತ್ತು. ಭೂಗೋಳ ಕಳೆದುಕೊಂಡ ಮೇಷ್ಟ್ರು ಏದುಸಿರು ಬಿಡುತ್ತ ಗೇಟಿಗೆ ಓಡಿದರು. ಅಕ್ಕ ವ್ಯಾನಿನ ಬಾಗಿಲು ಎಳೆಯುತ್ತಿದ್ದಳು.

"ಅಕ್ಕಾ, ಆಟ ಹೇಳಿಕೊಡೋದು ಹೇಗೆ ಅಂತ ಪುಸ್ತಕ ಇದೆಯಾ? ನಂಗೇನೂ ಗೊತ್ತಿಲ್ಲ."

"ಬಹಳ ಒಳ್ಳೇದೊಂದು ಇದೆ ಸಾರ್," ಎಂದಳು ಅಕ್ಕ. ಆಮೇಲೆ ಪಟ್ಟಿ ತೆಗೆದು ಬೆರಳಿಟ್ಟು ನೋಡಿದಳು. "ಆದ್ರೆ ಆಟದ ಹೆಸರಲ್ಲಿ ಆಗ್ಲೇ ಒಂದು ಪುಸ್ತಕ ಹೋಗಿದೆ. ಅಕ್ಷರ ನಿಮ್ಮದೇ ಅಲ್ವಾ?"