ಹಸಿರಿಗೆ ಹಸಿರು ಕನ್ನಡಕ

"ಇನ್ನು ಮೇಲೆ ಈ ಮನೆಯೊಳಗೆ ಬೆಂಕಿಪೊಟ್ಟಣ ಕಾಲಿಡಕೂಡದು" ಎಂದು ವಾಚ್ ರಿಪೇರಿ ಯಜಮಾನರು ಭಾನುವಾರ ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಘೋಷಿಸಿದರು. ಹಿಂದಿನ ದಿನ ಪಾರ್ಸಲ್ಲಿನಲ್ಲಿ ಬಂದಿದ್ದ ಲೇಸರ್ ಟಾರ್ಚು ಅವರ ಜೇಬಿನಲ್ಲಿತ್ತು. "ಕೂತಲ್ಲಿಂದಲೇ ಬೆಂಕಿ ಹತ್ತಿಸ್ತೀನಿ."

"ಯಾವುದಕ್ಕೆ?" ಎಂದರು ಹೆಂಡತಿ.

"ಬೆಂಕಿಕಡ್ಡಿಗೆ."

"ಹಾಗಾದ್ರೆ ಬೆಂಕಿಪೊಟ್ಟಣ ಬೇಕಲ್ರೀ?"

ಯಜಮಾನರು ನೀರು ಕುಡಿದು ಎದ್ದರು. ಹೊಸ ವಿದ್ಯೆಗಳಿಗೆ ಮನೆಯಲ್ಲೇ ಮರ್ಯಾದೆ ಇರುವುದಿಲ್ಲ.

ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಮೂವತ್ತು ವರ್ಷದಿಂದ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಎಡಗಣ್ಣು ಮುಚ್ಚಿ ಕೂತವರು. ಆ ಅಭ್ಯಾಸ ಎಷ್ಟು ಬೇರೂರಿತ್ತೆಂದರೆ, ಏನನ್ನಾದರೂ ಗಮನವಿಟ್ಟು ನೋಡಬೇಕಾದರೆ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಪೇಪರ್ ಓದುವಾಗಲೂ ಅಷ್ಟೆ, ಅಕ್ಕಿಯಲ್ಲಿ ಕಲ್ಲು ಹುಡುಕುವಾಗಲೂ ಅಷ್ಟೆ. ಬೀದಿಯವರು ಬೆನ್ನ ಹಿಂದೆ ಒಂಟಿಗಣ್ಣ ಅನ್ನುತ್ತಿದ್ದರು.

ಹೆಂಡತಿ ಟೈಲರ್. ಇನ್ನೂರು ದಾರದ ಉಂಡೆಗಳಲ್ಲಿ ಬಟ್ಟೆಗೆ ಸರಿಹೊಂದುವ ಒಂದನ್ನು ಕಣ್ಣು ಮಿಟುಕಿಸುವುದರೊಳಗೆ ಎತ್ತಿಕೊಡಬಲ್ಲವರು. ಬಣ್ಣದ ವಿಷಯದಲ್ಲಿ ಆ ಮನೆಯಲ್ಲಿ ಅವರದೇ ಕೊನೆಯ ಮಾತು. ಲೇಸರ್ ತರಿಸುವಾಗ ಜೊತೆಗೆ ಕನ್ನಡಕ ಕಿತ್ತಳೆಯದು ಬೇಕೋ ಹಸಿರಿನದೋ ಎಂಬ ಪ್ರಶ್ನೆ ಬಂದಿತ್ತು. "ಬೆಳಕು ಹಸಿರು ತಾನೇ? ಕನ್ನಡಕಾನೂ ಹಸಿರೇ ಇರ್ಲಿ. ಕಿತ್ತಳೆ ಹೊಂದಲ್ಲ" ಎಂದು ಅವರು ತೀರ್ಪು ಕೊಟ್ಟಿದ್ದರು. ಡಬ್ಬಿಯೊಳಗೆ ಸಣ್ಣಕ್ಷರದ ಒಂದು ಎಚ್ಚರಿಕೆ ಕಾಗದವೂ ಇತ್ತು. ಎಳ್ಳುಕಾಳಿನಷ್ಟು ಚಿಕ್ಕ ಹಲ್ಲುಚಕ್ರದ ಮೇಲಿನ ನಂಬರ್ ಓದುವ ಯಜಮಾನರು ಅದನ್ನು ಮಡಚಿ, ಅಲ್ಲಾಡುತ್ತಿದ್ದ ಮೇಜಿನ ಕಾಲಡಿಗೆ ಕೊಟ್ಟರು. ಮೇಜು ಅಲ್ಲಾಡುವುದು ನಿಂತಿತು, ಅಷ್ಟರ ಮಟ್ಟಿಗೆ ಕಾಗದ ಉಪಯೋಗಕ್ಕೆ ಬಂತು.

ಪರದೆ ಎಳೆದದ್ದಾಯಿತು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ದಾರದ ಉಂಡೆಗೆ ಕಡ್ಡಿಯೊಂದನ್ನು ಚುಚ್ಚಿ ನಿಲ್ಲಿಸಿದ್ದಾಯಿತು. ಹೆಂಡತಿ ಅತ್ತ ಬೆನ್ನು ಹಾಕಿ ಮಷೀನ್ ತುಳಿಯುತ್ತಿದ್ದರು. ಯಜಮಾನರು ಕನ್ನಡಕ ಏರಿಸಿ, ಅಭ್ಯಾಸದಂತೆ ಎಡಗಣ್ಣು ಮುಚ್ಚಿ ಗುಂಡಿ ಒತ್ತಿದರು.

ಕತ್ತಲಲ್ಲಿ ಹಸಿರು ಗೆರೆಯೊಂದು ಎದ್ದು ನಿಂತಿತು. ಅದರೊಳಗೆ ಧೂಳು ಮೆಲ್ಲಗೆ ಹರಿದಾಡುತ್ತಿತ್ತು. ಯಾಕೋ ಮಷೀನಿನ ಸದ್ದೂ ನಿಂತಿತು. ಗುರಿ ಒಂದಿಷ್ಟು ತಪ್ಪಿ ಚುಕ್ಕೆ ಕಡ್ಡಿಯನ್ನು ದಾಟಿ, ಗೋಡೆಯ ಮೊಳೆಗೆ ತೂಗುಹಾಕಿದ್ದ ದೊಡ್ಡ ಕತ್ತರಿಯ ಮೇಲೆ ಹತ್ತಿತು. ಕತ್ತರಿಯ ಹೊಳೆಯುವ ಅಲಗಿನಿಂದ ಹಸಿರಾದ ಏನೋ ಒಂದು ಸದ್ದಿಲ್ಲದೆ ತಿರುಗಿ ಇವರನ್ನು ನೋಡಿತು. ನೋವಿಲ್ಲ, ಉರಿಯಿಲ್ಲ. ಯಜಮಾನರು ಗುರಿ ಸರಿಮಾಡಿಕೊಂಡರು. ಕಡ್ಡಿ ಭುಗ್ಗೆಂದಿತು.

"ನೋಡಿದ್ಯಾ?"

"ನೋಡಿದೆ. ದಾರದ ಉಂಡೆಯೂ ಹತ್ತಿಕೊಂಡಿದೆ" ಎಂದು ಹೆಂಡತಿ ಚೊಂಬಿನ ನೀರು ಸುರಿದರು.

ಮರುದಿನ ಬೆಳಿಗ್ಗೆ ಒಬ್ಬ ಅಜ್ಜಿ ಅಂಗಡಿಗೆ ಬಂದು ತೀರಿಕೊಂಡ ಗಂಡನ ಕೈಗಡಿಯಾರ ಕೊಟ್ಟರು. "ಅವರು ಹೋದ ದಿನ ನಿಂತದ್ದಪ್ಪಾ" ಎಂದರು.

ಯಜಮಾನರು ಬೆನ್ನುಮುಚ್ಚಳ ತೆಗೆದು ಭೂತಗನ್ನಡಿ ಸಿಕ್ಕಿಸಿದರು. ಇಕ್ಕಳದ ತುದಿಯಲ್ಲಿದ್ದ ತಿರುಪು ಮಾಯವಾಯಿತು. ಪಕ್ಕಕ್ಕೆ ನೋಡಿದರೆ ತಿರುಪು ಬಂತು, ನೇರವಾಗಿ ನೋಡಿದರೆ ಹೋಯಿತು. ಭೂತಗನ್ನಡಿ ತೆಗೆದು ಎರಡೂ ಕಣ್ಣು ಬಿಟ್ಟರೆ ಏನೂ ಆಗದಂತೆ ಅಲ್ಲೇ ಕೂತಿತ್ತು. ತಲೆಯೆತ್ತಿ ಗೋಡೆಯ ಗಡಿಯಾರವೊಂದನ್ನು ದಿಟ್ಟಿಸಿದರು. ಅದಕ್ಕೆ ಮುಳ್ಳುಗಳಿರಲಿಲ್ಲ. ಪಕ್ಕದ್ದಕ್ಕೂ ಇರಲಿಲ್ಲ. ಮುಳ್ಳಿಲ್ಲದ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು.

"ಅಜ್ಜೀ, ಈ ವಾಚಲ್ಲಿ ಏನೋ ಇದೆ. ನನ್ನ ಕೈಲಿ ಆಗಲ್ಲ."

ಅಜ್ಜಿ ವಾಚನ್ನು ಕಿವಿಗೆ ಒತ್ತಿಕೊಂಡು ತುಂಬಾ ಹೊತ್ತು ಕೇಳಿಸಿಕೊಂಡರು. "ಅವರೇ ಇರಬೇಕು. ಹಾಗಾದ್ರೆ ರಿಪೇರಿ ಬೇಡ ಬಿಡು" ಎಂದು ಸೆರಗಿನಲ್ಲಿ ಕಟ್ಟಿಕೊಂಡು ಖುಷಿಯಾಗಿ ಹೊರಟರು.

ವಾಚು ಹೋಯಿತು, ಅದರಲ್ಲಿದ್ದ ಆ 'ಏನೋ' ಹೋಗಲಿಲ್ಲ. ಮದುವೆ ಫೋಟೋ ದಿಟ್ಟಿಸಿದರೆ ಪಕ್ಕದಲ್ಲಿ ನಿಂತವಳಿಗೆ ತಲೆಯಿಲ್ಲ. ಕನ್ನಡಿಯಲ್ಲಿ ಅಂಗಿಯ ಕಾಲರಿನವರೆಗೆ ಮಾತ್ರ ತಾವು. ಯಾರೋ ತಮಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಾ, ತಾವು ನೋಡಬೇಕಾದ್ದನ್ನೆಲ್ಲ ಮೊದಲೇ ಒರೆಸಿ ಹೋಗುತ್ತಿದ್ದಾರೆ ಅನ್ನಿಸಿತು. ಎರಡು ದಿನ ಅಂಗಡಿ ತೆಗೆಯಲಿಲ್ಲ. ಭೂತಗನ್ನಡಿ ಸಿಕ್ಕಿಸಲಾಗದ ವಾಚ್ ರಿಪೇರಿಯವನಿಗೆ ಬದುಕು ಇನ್ನೇನಿದೆ ಎಂದುಕೊಂಡರು.

ಮೂರನೆಯ ದಿನ ಹೆಂಡತಿ ಎದುರಿಗೆ ಬಂದು ನಿಂತು, "ಈ ಗುಂಡಿ ಹೊಂದುತ್ತಾ ನೋಡಿ" ಎಂದರು. ಎಡಗಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಹೆಂಡತಿಯ ಭುಜವಿತ್ತು, ಕೊರಳಿತ್ತು. ಅದರ ಮೇಲೆ ಬೂದಿ ಬಣ್ಣದ ಒಂದು ತೇಪೆ. ತೇಪೆಯೊಳಗಿಂದ ದನಿ ಬಂತು: "ಹೇಳ್ರೀ."

"ನಿನ್ನ ಮುಖ ಎಲ್ಲಿ?"

"ಮೂವತ್ತು ವರ್ಷ ಆದ್ಮೇಲೆ ಹುಡುಕ್ತಾ ಇದೀರಾ?" ಎಂದವರು, ಗಂಡ ನಗದ್ದನ್ನು ಕಂಡು ಗುಂಡಿ ಕೆಳಗಿಟ್ಟರು. ಅಂಗೈಯಿಂದ ಅವರ ಬಲಗಣ್ಣು ಮುಚ್ಚಿದರು. "ಈಗ ಇದೀನಾ?"

"ಇದೀಯ."

ಎಡಗಣ್ಣು ಮುಚ್ಚಿದರು. "ಈಗ?"

"ಇಲ್ಲ."

ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಅವರ ಕೈ ಹಿಡಿದು ಹೊರಟೇಬಿಟ್ಟರು.

ಕಣ್ಣಿನ ಡಾಕ್ಟರು ಬಲಗಣ್ಣಿನೊಳಗೆ ಇಣುಕಿ, "ಲೇಸರ್ ತಗೊಂಡು ಎಷ್ಟು ದಿನ ಆಯ್ತು?" ಎಂದರು.

"ನಿಮಗೆ ಹೇಗೆ ಗೊತ್ತಾಯ್ತು?"

"ಈ ತಿಂಗಳು ನೀವು ಮೂರನೆಯವರು. ಒಳಗಿನ ಪರದೆ ನಟ್ಟನಡುವೆ ಸುಟ್ಟಿದೆ."

"ಕನ್ನಡಕ ಇಲ್ಲದೆ ಇವರು ಮುಟ್ಟಿಲ್ಲ ಡಾಕ್ಟ್ರೇ" ಎಂದು ಹೆಂಡತಿ ಚೀಲದಿಂದ ಅದನ್ನು ತೆಗೆದರು. ಡಾಕ್ಟರು ಅದನ್ನು ಆಕೆಯ ಮೂಗಿಗೇ ಏರಿಸಿ, ಬಾಗಿಲ ಮೇಲಿದ್ದ ಹಸಿರು ದೀಪ ತೋರಿಸಿದರು.

"ಕಾಣುತ್ತಾ?"

"ಚೆನ್ನಾಗೇ ಕಾಣುತ್ತೆ."

"ಅದೇ ತಪ್ಪಮ್ಮಾ. ಹಸಿರು ಕಾಣುತ್ತೆ ಅಂದ್ರೆ ಹಸಿರು ಒಳಗೆ ಬರ್ತಿದೆ ಅಂತ. ಈ ಲೇಸರ್‌ಗೆ ಕಿತ್ತಳೆಯದು ಬೇಕಿತ್ತು. ಇದನ್ನ ಆರಿಸಿದ್ದು ಯಾರು?"

ಹೆಂಡತಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನಾನೇ" ಎಂದರು ಯಜಮಾನರು. "ಎಚ್ಚರಿಕೆ ಕಾಗದ ಓದಲಿಲ್ಲ."

"ಒಂದಿಷ್ಟು ದೃಷ್ಟಿ ವಾಪಸು ಬರಬಹುದು, ಪೂರ್ತಿ ಬರುತ್ತೆ ಅಂತ ಹೇಳಲಾರೆ. ಆ ಹೊತ್ತಿಗೆ ಎಡಗಣ್ಣು ಮುಚ್ಚಿದ್ದೇ ನಿಮ್ಮ ಪುಣ್ಯ. ಇನ್ನು ಕೆಲಸ ಅದಕ್ಕೆ ಕಲಿಸಿ."

ಇರಲಾರದೆ ಇರುವೆ ಬಿಟ್ಟುಕೊಂಡದ್ದಾಯಿತು. ಬರುವಾಗ ಮೂಲೆಯಂಗಡಿಯಲ್ಲಿ ಯಜಮಾನರು ತಾವೇ ಬಾಯಿಬಿಟ್ಟು ಒಂದು ಬೆಂಕಿಪೊಟ್ಟಣ ಕೇಳಿದರು.

ಅಡುಗೆಮನೆಯಲ್ಲಿ ಕಡ್ಡಿ ಗೀರಿದರು. ಸದ್ದಾಯಿತು, ಬೆರಳಿಗೆ ಬಿಸಿ ತಾಗಿತು. ದಿಟ್ಟಿಸಿದರೆ ಬರೀ ಕಡ್ಡಿ, ಅದರ ಮೇಲೆ ಬೆಂಕಿಯಿಲ್ಲ.

"ಎಲ್ಲಿದೆಯೇ ಬೆಂಕಿ?"

"ನಿಮ್ಮ ಕೈಲೇ ಇದೆ. ಆ ಕಣ್ಣು ಮುಚ್ಚಿ, ಇನ್ನೊಂದು ಬಿಡಿ."

ಯಜಮಾನರು ಕಷ್ಟಪಟ್ಟು ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದರು. ಬೆಂಕಿ ಬಂತು. ಬೆಂಕಿಯ ಹಿಂದೆ ಹೆಂಡತಿಯ ಮುಖ ಬಂತು. ಮೂವತ್ತು ವರ್ಷದಲ್ಲಿ ಆ ಕಣ್ಣು ಒಂಟಿಯಾಗಿ ಆ ಮುಖವನ್ನು ದಿಟ್ಟಿಸಿ ನೋಡಿದ್ದು ಅದೇ ಮೊದಲು. ಹೆಂಡತಿಯ ರೆಪ್ಪೆಗಳು ಊದಿಕೊಂಡಿದ್ದವು.

"ಅಳ್ತಿದ್ಯಾ?"

"ಈರುಳ್ಳಿ ಹೆಚ್ತಾ ಇದ್ದೆ."

"ಎಲ್ಲಿದೆ ಈರುಳ್ಳಿ?"

"ಅಯ್ಯೋ, ಕಾಣ್ತಾ ಇಲ್ವಾ? ಎಡಗಣ್ಣೂ ಹೋಯ್ತೇನ್ರೀ?"

ಯಜಮಾನರು ಗಾಬರಿಯಾಗಿ, ಎಡಗಣ್ಣನ್ನು ಆದಷ್ಟು ಅರಳಿಸಿ, ಖಾಲಿ ಈಳಿಗೆಮಣೆಯ ಮೇಲೆ ಈರುಳ್ಳಿ ಹುಡುಕತೊಡಗಿದರು. ಅಷ್ಟರಲ್ಲಿ ಕಡ್ಡಿ ಬೆರಳು ಸುಟ್ಟಿತು.