ಹಾಲು ಉಕ್ಕಿದರೆ ಹೊಸಬರು ಬಂದಂತೆ

ಮೊದಲೇ ಹೇಳಿಬಿಡುತ್ತೇನೆ, ಆ ಯಂತ್ರದ ಧ್ವನಿ ಮಾತ್ರ ನನ್ನದು, ಬುದ್ಧಿ ನನ್ನದಲ್ಲ!

ಉದ್ಘಾಟನೆಯ ದಿನ ಮೇಷ್ಟ್ರು ಪರಶಿವಮೂರ್ತಿ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಮೆಟ್ಟಿಲ ಕೆಳಗಿನ ಮೀಟರ್ ರೂಮಿನ ಮುಂದೆ ಈಡುಗಾಯಿ ಒಡೆದರು. ಒಳಗೆ ಅಕ್ಕಿ ಡ್ರಮ್ಮಿನಷ್ಟು ದೊಡ್ಡ ಸ್ಟೀಲ್ ಡಬ್ಬ. ಅದರಿಂದ ಹೊರಟ ವೈರು, ಪೈಪುಗಳು ಗೋಡೆ ಹತ್ತಿ ಕಟ್ಟಡದ ಮೂರೂ ಮನೆಗಳಿಗೆ ನುಗ್ಗಿದ್ದವು.

"ಇದರ ಹೆಸರು ಗೃಹಪಾಲ. ಇನ್ಮೇಲೆ ಬಾಡಿಗೆ ಮನೆ ತಲೆನೋವು ನಂದಲ್ಲ, ಇದರದು!" ಎಂದರು ಮೇಷ್ಟ್ರು.

"ತಲೆನೋವಿನ ಮಾತ್ರೆ ತಂದಿಟ್ಟಿದೀನಿ. ಅದೂ ಇರಲಿ," ಎಂದರು ಹೆಂಡತಿ ಸರ್ವಮಂಗಳಮ್ಮ.

ತುಮಕೂರಿನಲ್ಲಿ ನಾವು ಗೋಡೆಗೆ ಗೋಡೆ ಹತ್ತಿದ ನೆರೆಯವರು. ಮೇಷ್ಟ್ರು ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಪಾಠ ಹೇಳಿ ರಿಟೈರಾದವರು. ಕೆಳಗೆ ತಮಗೊಂದು, ಮಹಡಿಯಲ್ಲಿ ಬಾಡಿಗೆಗೆ ಎದುರುಬದುರು ಎರಡು ಮನೆ ಕಟ್ಟಿಸಿದರು. ಬಾಡಿಗೆ ಎಂದರೆ ಕೂತು ತಿನ್ನುವುದು ಅಂದುಕೊಂಡಿದ್ದರು ಪಾಪ, ಎದ್ದು ಓಡುವುದೇ ಆಯಿತು! ಸ್ನಾನಕ್ಕೆ ಸೋಪು ಹಚ್ಚಿದಾಗಲೇ ಫೋನು: ನೀರು ಬರುತ್ತಿಲ್ಲ. ತಟ್ಟೆ ಮುಂದೆ ಕೂತಾಗಲೇ ಫೋನು: ಮೋರಿ ಕಟ್ಟಿದೆ. ಒಬ್ಬ ಅರವತ್ತನಾಲ್ಕು ಮೊಳೆ ಹೊಡೆದು ಹೋದ. ಇನ್ನೊಬ್ಬ ಹೇಳದೆ ಕೇಳದೆ ತನ್ನ ಷಡ್ಡಕನನ್ನು ಮನೆಯಲ್ಲಿ ಕೂರಿಸಿ ತಾನು ಬೇರೆ ಊರಿಗೆ ಹೋದ. ಯಾರು ಬಂದರು, ಯಾರು ಹೋದರು ಎನ್ನುವುದೇ ಮಾಲೀಕನಿಗೆ ಗೊತ್ತಿಲ್ಲ! ಆ ಸಿಟ್ಟಿನಲ್ಲೇ ಈ ಯಂತ್ರ ಹುಟ್ಟಿದ್ದು.

"ಕರಾರು ಪತ್ರ ಸುಳ್ಳು ಹೇಳುತ್ತೆ ಗವಿಯಪ್ಪ, ಮನುಷ್ಯ ಸುಳ್ಳು ಹೇಳ್ತಾನೆ. ಆದ್ರೆ ನಮ್ಮ ಕಡೆ ಹಾಲು ಉಕ್ಕಿಸದೆ ಯಾವನಾದ್ರೂ ಹೊಸ ಮನೆ ಹೊಕ್ಕಿದಾನಾ? ಅದಕ್ಕೇ ಮೂರು ಅಡುಗೆಮನೆಗೂ ಮೂಗು ಇಟ್ಟಿದೀನಿ. ಹಾಲು ಉಕ್ಕಿ ಸೀದ ವಾಸನೆ ಬಂತೋ, ಹಳಬರು ಹೋದ್ರು, ಹೊಸಬರು ಬಂದ್ರು ಅಂತ ಲೆಕ್ಕ!" ಎಂದರು ಮೇಷ್ಟ್ರು.

"ಯಾರಾದ್ರೂ ಮರೆತು ಉಕ್ಕಿಸಿದ್ರೆ?" ಎಂದೆ.

"ಅಂಥ ಅಜಾಗರೂಕರಿಗೆ ನಾನು ಮನೆ ಕೊಡಲ್ಲ."

ಮಹಡಿಯ ಬಲಗಡೆಯ ಖಾಲಿ ಮನೆಯಲ್ಲಿ ಸರ್ವಮಂಗಳಮ್ಮ ಹಾಲಿಟ್ಟರು. ಉಕ್ಕಿತು. ಬಾಗಿಲಿನ ನಂಬರ್ ಬೀಗ ಲಟಕ್ ಎಂದು ನಂಬರು ಬದಲಾಯಿಸಿಕೊಂಡಿತು. ಮೂಲೆಮೂಲೆಯ ಪಿಚಕಾರಿಗಳು ಸುಂಯ್ ಎಂದು ಗೋಡೆಗೆಲ್ಲ ಸುಣ್ಣ ಎರಚಿದವು. ಆಮೇಲೆ ಗೋಡೆಯೊಳಗಿಂದ ನನ್ನ ಧ್ವನಿ: "ಹಳಬರು ಇಳಿದ್ರು, ಹೊಸಬರು ಹತ್ತಿದ್ರು! ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಖಾಲಿ ಇದೆ! ಬೀಗದ ನಂಬರು ನಾಲ್ಕು ಸೊನ್ನೆ ಒಂಬತ್ತು ಎರಡು. ರೈಟ್, ರೈಟ್!"

ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು ನಾನು. ಹೆಂಡತಿ ಧ್ವನಿ ಕೊಡಲು ಒಪ್ಪಲಿಲ್ಲವೆಂದು ಮೇಷ್ಟ್ರು ನನ್ನದನ್ನು ತುಂಬಿಸಿಕೊಂಡಿದ್ದರು.

"ನನ್ನ ಸೀರೆ ನೋಡ್ರೀ!" ಎಂದು ಸರ್ವಮಂಗಳಮ್ಮ ಬಿಳಿಯಾಗಿ ಹೊರಗೆ ಬಂದರು.

"ಪಿಚಕಾರಿ ಎಷ್ಟು ಸಮವಾಗಿ ಹೊಡೆದಿದೆ ನೋಡು ಮಂಗಳಾ!" ಎಂದರು ಮೇಷ್ಟ್ರು.

*

ಎಡಗಡೆಯ ಮನೆಗೆ ಅದೇ ವಾರ ಹೇಮಾವತಿ ಬಂದಳು. ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಗಂಡನಿಂದ ದೂರವಿದ್ದಳು. ಜೊತೆಗೆ ಅವಳ ಅಮ್ಮ ಪುಟ್ಟತಾಯಮ್ಮ, ಬಾಯಿ ತುಂಬ ಎಲೆಅಡಿಕೆ, ಮುಖ ತುಂಬ ನಗು. ತಾಯಿ ಮಗಳು ಹಾಲು ಉಕ್ಕಿಸಿದರು, ಗೃಹಪಾಲ ರೈಟ್ ರೈಟ್ ಎಂದಿತು, ಮೇಷ್ಟ್ರು ಮೀಸೆ ತಿರುವಿದರು.

ಮೂರನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ನನ್ನ ಧ್ವನಿ ಮತ್ತೆ ಕೇಳಿಸಿತು. ನಾನು ನನ್ನ ಜಗಲಿಯ ಮೇಲೆ ಕಡಲೆಕಾಯಿ ತಿನ್ನುತ್ತ ಕೂತಿದ್ದೆ. ಬಾಯಿ ತುಂಬ ಕಡಲೆಕಾಯಿ ಇರುವಾಗ ನನ್ನ ಧ್ವನಿ ಪಕ್ಕದ ಮನೆಯಿಂದ ಬಂದರೆ ನನಗೆ ಹೇಗಾಗಬೇಡ!

ಮೇಲೆ ಓಡಿದೆ. ಕಿಟಕಿಯಿಂದ ನೋಡಿದರೆ ಪುಟ್ಟತಾಯಮ್ಮ ನೆತ್ತಿಯಿಂದ ಪಾದದವರೆಗೆ ಬಿಳಿ! ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂತಿದ್ದರು.

"ಸುಣ್ಣದವರು ಬಂದಿದ್ರು ಕಣಪ್ಪ. ಬಾಳ ಚುರುಕು, ಮುಖಾನೂ ತೋರಿಸ್ಲಿಲ್ಲ. ಕಾಫಿನಾದ್ರೂ ಕುಡ್ಕೊಂಡು ಹೋಗಬಾರ್ದಿತ್ತಾ?"

ಒಲೆಯ ಮೇಲೆ ಹಾಲಿನ ಪಾತ್ರೆ ಸೀದು ಕರಕಲಾಗಿತ್ತು. ಅಂಗಡಿಗೆ ಹೋಗಿದ್ದ ಹೇಮಾವತಿ ಓಡೋಡಿ ಬಂದು ನಂಬರು ಒತ್ತಿದಳು. ಬಾಗಿಲು ತೆರೆಯಲಿಲ್ಲ.

"ನೀವ್ಯಾರು?" ಎಂದಿತು ನನ್ನ ಧ್ವನಿ. "ಈ ಸೀಟು ಬೇರೆಯವರಿಗೆ ಕೊಟ್ಟಾಗಿದೆ. ಇಳೀರಿ!"

"ಅಣ್ಣಾ, ಏನ್ ಹೀಗಂತೀರಾ?" ಎಂದು ಅವಳು ನನ್ನ ಕಡೆ ತಿರುಗಿದಳು.

"ನಾನಲ್ಲಮ್ಮ! ನಾನಿಲ್ಲಿ ಬಾಯಿ ಮುಚ್ಕೊಂಡು ನಿಂತಿದೀನಿ!"

"ಅಮ್ಮಾ, ಹೊಸ ನಂಬರು ಹೇಳ್ತಲ್ಲ, ಏನು?" ಎಂದು ಕಿಟಕಿಯಲ್ಲಿ ಕೇಳಿದಳು. "ಏನೋ ಹೇಳ್ತಪ್ಪ, ಚೆನ್ನಾಗಿತ್ತು," ಎಂದರು ತಾಯಿ. ಒಳಗಿನ ಚಿಲಕ ತೆಗೆಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು.

ಆಮೇಲೆ ಅವಳು ಮೆಟ್ಟಿಲ ಮೇಲೆ ಕೂತು ನನಗೊಂದು ವಿಷಯ ಹೇಳಿದಳು. ಅಮ್ಮನಿಗೆ ಮರೆವು. ಒಲೆ ಹಚ್ಚಿದ್ದು ಮರೆಯುತ್ತಾರೆಂದು ಮಾಲೀಕರು ಮೂರು ವರ್ಷದಲ್ಲಿ ನಾಲ್ಕು ಮನೆ ಬಿಡಿಸಿದ್ದರು. ಮನೆ ಬದಲಾದಾಗಲೆಲ್ಲ ಅಮ್ಮ ಇನ್ನಷ್ಟು ಕಳೆದುಹೋಗುತ್ತಿದ್ದರು. ಬಚ್ಚಲಿಗೆ ಹೊರಟವರು ಬೀದಿಗೆ ಬಂದು ನಿಲ್ಲುತ್ತಿದ್ದರು.

"ಡಾಕ್ಟ್ರು ಹೇಳಿದಾರೆ ಅಣ್ಣ, ಇನ್ನು ಮನೆ ಬದಲಾಯಿಸ್ಬೇಡಿ ಅಂತ. ಮಂಚದಿಂದ ಬಚ್ಚಲಿಗೆ ಗೋಡೆ ಮೇಲೆ ಕುಂಕುಮದ ಬೊಟ್ಟು ಇಟ್ಕೊಂಡು ಹೋಗಿದ್ದೆ. ಅದನ್ನ ಹಿಡ್ಕೊಂಡು ಹೋಗ್ತಿದ್ರು. ಈಗ ಅದರ ಮೇಲೂ ಸುಣ್ಣ ಹೊಡೆದಿದೆ. ಮೇಷ್ಟ್ರಿಗೆ ಹೇಳ್ಬೇಡಿ, ಇದೂ ಬಿಡು ಅಂದ್ರೆ ಎಲ್ಲಿಗೆ ಹೋಗ್ಲಿ?"

ನನ್ನ ಬಾಯಿ ಎಂಥದೆಂದು ಇಡೀ ಬೀದಿಗೆ ಗೊತ್ತು. ಆದರೆ ಈ ಗುಟ್ಟನ್ನು ಎಂಟು ವಾರ ಹೊಟ್ಟೆಯಲ್ಲಿಟ್ಟುಕೊಂಡೆ. ಅಸಿಡಿಟಿ ಬಂತು!

*

ಎಂಟು ವಾರದಲ್ಲಿ ಹದಿನಾಲ್ಕು ಸಲ ಹಾಲು ಉಕ್ಕಿತು. ಹದಿನಾಲ್ಕು ಸಲ ಸುಣ್ಣ. ಮೊದಲು ಕ್ಯಾಲೆಂಡರು ಗೋಡೆಗೆ ಅಂಟಿ ಮಾಯವಾಯಿತು, ಆಮೇಲೆ ಸ್ವಿಚ್ ಬೋರ್ಡು. ಸುಣ್ಣ ಎಷ್ಟು ದಪ್ಪವಾಯಿತೆಂದರೆ ಅಡುಗೆಮನೆ ನಾಲ್ಕು ಬೆರಳು ಕಿರಿದಾಗಿ ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ! ಹೇಮಾವತಿ ಪ್ರತಿ ಸಲ ಮತ್ತೆ ಬೊಟ್ಟು ಇಡುತ್ತಿದ್ದಳು. ಗೃಹಪಾಲ ಪ್ರತಿ ಸಲ ಅಳಿಸುತ್ತಿತ್ತು.

ಮೇಷ್ಟ್ರೋ, ಯಂತ್ರದ ಮೂಗಿಗೆ ನೆಗಡಿ ಎಂದುಕೊಂಡು ಅದಕ್ಕೆ ನೀಲಗಿರಿ ಎಣ್ಣೆ ಹಚ್ಚುತ್ತಿದ್ದರು.

ಮನೆ ಹುಡುಕುವವರ ಫೋನ್ ನಂಬರುಗಳನ್ನೂ ಅವರು ಅದಕ್ಕೆ ತುಂಬಿಸಿದ್ದರು. ಈ ಮನೆಯಲ್ಲಿ ಜನ ನಿಲ್ಲುತ್ತಿಲ್ಲ, ಮುಂದಿನವರನ್ನು ಸಾಲಾಗಿ ಇಟ್ಟುಕೊಳ್ಳೋಣ ಎಂದು ಅದು ತಾನೇ ಯೋಚಿಸಿ ಎಲ್ಲರಿಗೂ ಸುದ್ದಿ ಕಳಿಸಿತು. ಭಾನುವಾರ ಬೆಳಗ್ಗೆ ನಲವತ್ತು ಜನ! ಮೆಟ್ಟಿಲ ತುಂಬ, ಪಡಸಾಲೆ ತುಂಬ. ಒಬ್ಬ ನಲ್ಲಿ ತಿರುಗಿಸಿ ನೋಡುತ್ತಾನೆ, ಇನ್ನೊಬ್ಬಳು ಹೇಮಾವತಿಯ ಮಂಚದ ಮೇಲೆ ಕೂತು "ಗಾಳಿ ಪರವಾಗಿಲ್ಲ" ಎನ್ನುತ್ತಾಳೆ.

"ಇದು ನಮ್ಮನೆ, ಖಾಲಿ ಇಲ್ಲ!" ಎಂದು ಹೇಮಾವತಿ ಕೂಗುತ್ತಿದ್ದಳು.

"ಖಾಲಿ ಇಲ್ದೆ ಇಷ್ಟು ಹೊಸದಾಗಿ ಸುಣ್ಣ ಯಾಕ್ರೀ ಹೊಡೆಸಿದೀರಾ?" ಎಂದ ಒಬ್ಬ ದಪ್ಪ ಮೀಸೆಯವನು.

ಪುಟ್ಟತಾಯಮ್ಮನಿಗೆ ಮಾತ್ರ ಹಬ್ಬ. ಇಷ್ಟು ನೆಂಟರು ಬಂದಿದ್ದಾರೆಂದು ಮೂರು ದೊಡ್ಡ ಪಾತ್ರೆ ಹಾಲನ್ನು ಮೂರು ಒಲೆಗೆ ಏರಿಸಿ, ಬಂದ ಹೆಂಗಸರ ಬಳೆ ನೋಡುತ್ತ ಕೂತುಬಿಟ್ಟರು.

ಮೂರೂ ಒಟ್ಟಿಗೆ ಉಕ್ಕಿದವು!

ಪಿಚಕಾರಿಗಳು ಮೂರು ಸುತ್ತು ಹೊಡೆದವು. ನಲವತ್ತು ಜನ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಬೆಳ್ಳಗಾಗಿ, ಕಿರುಚುತ್ತ ಕೆಳಗೋಡಿದರು. ದಪ್ಪ ಮೀಸೆಯವನ ಮೀಸೆ ಯಾವುದು, ತುಟಿ ಯಾವುದು ಗೊತ್ತಾಗಲಿಲ್ಲ. ಎಲ್ಲರ ಬೆನ್ನಿಗೆ ನನ್ನ ಧ್ವನಿ, "ನಿಧಾನ ಇಳೀರಿ, ನಿಧಾನ! ಮಕ್ಕಳನ್ನ ಹಿಡ್ಕೊಳ್ಳಿ!"

ಮೇಷ್ಟ್ರು ಮೇಲೆ ಬಂದರು. ಒಲೆ ನೋಡಿದರು, ಸೀದ ಪಾತ್ರೆಗಳನ್ನು ನೋಡಿದರು, ಪುಟ್ಟತಾಯಮ್ಮನನ್ನು ನೋಡಿದರು. ಮೂಗಿಗೆ ನೆಗಡಿ ಇರಲಿಲ್ಲ ಎಂದು ಅರ್ಥವಾಯಿತು.

"ಅಮ್ಮನಿಗೆ ಹೀಗಿದೆ ಅಂತ ಮೊದಲೇ ಹೇಳ್ಬಾರ್ದಿತ್ತೇನಮ್ಮ?"

"ಹೇಳಿದ್ರೆ ಮನೆ ಕೊಡ್ತಿದ್ರಾ ಸರ್?"

ಮೇಷ್ಟ್ರು ಸುಣ್ಣ ಸಿಡಿದ ಕನ್ನಡಕ ಒರೆಸಿಕೊಂಡರು. "ಗ್ಯಾಸ್ ವಿಷಯ ಇದು. ನಾಳೆ ಏನಾದ್ರೂ ಆದ್ರೆ ನಾನು ಜವಾಬ್ದಾರ. ಒಂದು ತಿಂಗಳು ತಗೊಳ್ಳಿ, ಬೇರೆ ಕಡೆ ನೋಡ್ಕೊಳ್ಳಿ."

"ಮೇಷ್ಟ್ರೇ, ಬಾಯಿ ಬಿಟ್ಟು ಹೇಳ್ತೀನಿ, ಇದು ಸರಿಯಿಲ್ಲ," ಎಂದೆ.

"ನೀವು ಸುಮ್ನಿರಿ ಗವಿಯಪ್ಪ. ನಿಮ್ಮ ಬಾಯಿ ಬೆಳಗಿಂದ ಸಾಕಷ್ಟು ಆಡಿದೆ."

ಹೇಮಾವತಿ ಅಳಲಿಲ್ಲ. ಬೊಟ್ಟಿಡಲು ಕುಂಕುಮದ ಭರಣಿ ಕೈಗೆತ್ತಿಕೊಂಡಿದ್ದವಳು ಅದನ್ನು ಹಾಗೇ ಮುಚ್ಚಿಟ್ಟಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

*

ನಾವು ಕೆಳಗಿಳಿದರೆ ಸರ್ವಮಂಗಳಮ್ಮ ಸೌಟು ಹಿಡಿದು ಬೀದಿಯಲ್ಲಿ ನಿಂತಿದ್ದರು. ಹಿತ್ತಲಿಂದ ಕರಿಬೇವು ತರುವಷ್ಟರಲ್ಲಿ ಅವರ ಮನೆಯ ಹಿಂದಿನ ಮುಂದಿನ ಬಾಗಿಲೆರಡೂ ಲಟಕ್ ಎಂದಿದ್ದವು. ಒಳಗೆ ಪಿಚಕಾರಿಗಳ ಸದ್ದು. ಗೃಹಪಾಲ ಬೀದಿಗೆಲ್ಲ ಕೇಳುವಂತೆ ಸಾರಿತು:

"ಎಂಟು ವಾರದಲ್ಲಿ ಹದಿನೇಳು ಸಂಸಾರ ಬಂದು ಹೋಗಿವೆ. ಮನೆ ಪರೀಕ್ಷಿಸಿದೆ, ಗೋಡೆ ಹೊಸದು, ಬೀಗ ಹೊಸದು. ಆದ್ದರಿಂದ ತಪ್ಪು ಮನೆಯದಲ್ಲ, ಮಾಲೀಕರದು! ಮಾಲೀಕರು ಖಾಲಿ ಮಾಡಬೇಕು. ಸ್ಟಾಪ್ ಬಂತು, ಇಳೀರಿ, ಇಳೀರಿ!"

"ಏ, ನಾನು ಕಣೋ! ನಿನ್ನ ಮಾಡಿದೋನು!" ಎಂದು ಮೇಷ್ಟ್ರು ಬಾಗಿಲು ಬಡಿದರು.

"ಬಾಗಿಲಲ್ಲಿ ನೇತಾಡ್ಬೇಡಿ!" ಎಂದಿತು ಅದು.

"ಸ್ವಿಚ್ ಆಫ್ ಮಾಡ್ರೀ!"

"ಮೀಟರ್ ರೂಮಿಗೂ ಬೀಗ ಹಾಕ್ಕೊಂಡಿದೆ ಮಂಗಳಾ."

"ನಿಮ್ಮ ತಲೆಗೊಂದು ಬೀಗ ಹಾಕಿದ್ರೆ ಇಷ್ಟೆಲ್ಲಾ ಆಗ್ತಿರ್ಲಿಲ್ಲ!" ಸೌಟು ಮೇಷ್ಟ್ರ ಮೂಗಿನ ಹತ್ತಿರ ಬಂದಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಆಗ ಮಹಡಿಯಿಂದ ಪುಟ್ಟತಾಯಮ್ಮ ಇಣುಕಿದರು. "ಯಾರಪ್ಪಾ, ಮನೆ ನೋಡೋಕ್ ಬಂದೋರಾ? ಪಾಪ, ಬಿಸಿಲಲ್ಲಿ ನಿಂತಿದೀರಲ್ಲ. ಬನ್ನಿ ಮೇಲಕ್ಕೆ, ಎದುರು ಮನೆ ಖಾಲಿ ಇದೆ."

ಐದು ನಿಮಿಷದ ಹಿಂದೆ ತಮ್ಮನ್ನು ಮನೆ ಬಿಡಿ ಎಂದವರು ಇವರೇ ಎನ್ನುವುದು ಆ ತಾಯಿಗೆ ನೆನಪಿರಲಿಲ್ಲ. ಮೇಷ್ಟ್ರು ನೆಲ ನೋಡುತ್ತ ಮೆಟ್ಟಿಲು ಹತ್ತಿದರು. ಹೇಮಾವತಿ ತನ್ನ ಚಾಪೆ, ಸಣ್ಣ ಸ್ಟವ್ ತಂದು ಬಲಗಡೆಯ ಮನೆಯಲ್ಲಿಟ್ಟಳು. ಪುಟ್ಟತಾಯಮ್ಮ ತಾವೇ ಹಾಲಿಟ್ಟು ಉಕ್ಕಿಸಿದರು. "ಒಳಗೆ ಹೋಗಿ, ಮುಂದೆ ಖಾಲಿ ಇದೆ!" ಎಂದು ಗೃಹಪಾಲ ಹೊಸ ಬಾಡಿಗೆದಾರರನ್ನು ಸ್ವಾಗತಿಸಿತು.

"ಮಾಲೀಕ ಹೆಂಗೋ ಏನೋ, ನಾನ್ ನೋಡಿಲ್ಲ," ಎಂದರು ಪುಟ್ಟತಾಯಮ್ಮ ಮೇಷ್ಟ್ರ ತಲೆಯ ಸುಣ್ಣ ಸೆರಗಿನಿಂದ ಒರೆಸುತ್ತ. "ಹೆದರ್ಕೋಬೇಡ ಮಗ, ನಾವಿದೀವಲ್ಲ."

*

ಮರುದಿನ ಬೆಳಗ್ಗೆ ದಡಾರ್ ಎಂಬ ಸದ್ದು. ನಾನು ಹೋಗಿ ನೋಡಿದರೆ ಮೇಷ್ಟ್ರು ಹಣೆ ಉಜ್ಜುತ್ತ ಅಡುಗೆಮನೆಯ ಕಲ್ಲಿನ ಹಲಗೆಯ ಕೆಳಗೆ ಕೂತಿದ್ದರು.

"ಬಚ್ಚಲಿಗೆ ಹೊರಟಿದ್ದೆ ಗವಿಯಪ್ಪ. ಅಭ್ಯಾಸದ ಮೇಲೆ ಎಡಕ್ಕೆ ತಿರುಗಿದೆ. ನಾನೇ ಪ್ಲಾನು ಹಾಕಿದ ಮನೆ. ನಂಗೇ ಗೊತ್ತಾಗ್ಲಿಲ್ಲ."

ಬೈಯಲೆಂದು ಬಂದ ಸರ್ವಮಂಗಳಮ್ಮ ಅವರ ಹಣೆಗೆ ತಣ್ಣೀರ ಬಟ್ಟೆ ಒತ್ತಿದರು.

ಮಧ್ಯಾಹ್ನ ಮೇಷ್ಟ್ರು ಪೇಟೆಗೆ ಹೋಗಿ ಎರಡು ಸಾಮಾನು ತಂದರು. ಒಂದು, ಹಾಲು ಕಾದರೆ ಸೀಟಿ ಹೊಡೆಯುವ ಪಾತ್ರೆ. ಅದರಲ್ಲಿ ಹಾಲು ಉಕ್ಕುವುದೇ ಇಲ್ಲ. ಇನ್ನೊಂದು, ಕೆಂಪು ಆಯಿಲ್ ಪೇಂಟು. ಅದರ ಮೇಲೆ ಸುಣ್ಣ ನಿಲ್ಲುವುದಿಲ್ಲ. ಎದುರು ಮನೆಗೆ ಹೋಗಿ, ಮಂಡಿಯೂರಿ, ಪುಟ್ಟತಾಯಮ್ಮನ ಮಂಚದಿಂದ ಬಚ್ಚಲವರೆಗೆ ಗೋಡೆಯ ಮೇಲೆ ಕೆಂಪು ಗೆರೆ ಎಳೆದರು. ಹೇಮಾವತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಸರ್, ಆ ಒಂದು ತಿಂಗಳು..."

"ಯಾವ ತಿಂಗಳು? ನಂಗೂ ಮರೆವು ಕಣಮ್ಮ," ಎಂದರು ಮೇಷ್ಟ್ರು, ತಿರುಗಿ ನೋಡದೆ. "ನೀನು ಡ್ಯೂಟಿಗೆ ಹೋದಾಗ ಮಂಗಳಾ ಅಮ್ಮನ ಜೊತೆ ಇರ್ತಾಳೆ. ಗ್ಯಾಸ್ ವಾಲ್ವ್ ಅವಳೇ ನೋಡ್ಕೋತಾಳೆ."

ಮೇಷ್ಟ್ರಿಗೆ ಕೆಳಗಿನ ತಮ್ಮ ಮನೆಗೆ ಮರಳಿ ಹೋಗುವ ದಾರಿಯೇ ಸಿಗಲಿಲ್ಲ. ಅಷ್ಟರಲ್ಲಿ ಗೃಹಪಾಲ ಅವರ ಸಾಮಾನನ್ನು ಹೊರಗೆ ತೆಗೆಯಲು ಒಂದು ಗಂಟೆ ಬಾಗಿಲು ತೆರೆದು, ಒಬ್ಬ ಪಶುವೈದ್ಯರ ಸಂಸಾರವನ್ನು ತಾನೇ ಹುಡುಕಿ ತುಂಬಿಸಿತ್ತು. ಮೂರೂ ಮನೆ ಭರ್ತಿ! ಕಟ್ಟಡ ಕಟ್ಟಿದ ಮೇಲೆ ಇದೇ ಮೊದಲು. ಮೇಲೆ ಗಾಳಿ ಚೆನ್ನಾಗಿದೆ, ಮಾತಿಗೆ ಪುಟ್ಟತಾಯಮ್ಮ ಇದ್ದಾರೆ, ನಾನಂತೂ ಇಳಿಯಲ್ಲ ಎಂದರು ಸರ್ವಮಂಗಳಮ್ಮ.

ನಿನ್ನೆ ನಾನು ಹೋದಾಗ ಮೇಷ್ಟ್ರ ಬಚ್ಚಲಿನ ನಲ್ಲಿ ಜೋರಾಗಿ ಸೋರುತ್ತಿತ್ತು. ಸ್ಪ್ಯಾನರ್ ಹಿಡಿದರೆ "ಬಾಡಿಗೆದಾರರು ಪೈಪು ಮುಟ್ಟುವಂತಿಲ್ಲ!" ಎಂದು ಗೃಹಪಾಲ ಮುಖಕ್ಕೆ ಸುಣ್ಣ ಎರಚುತ್ತಿತ್ತು.

"ಹಾಗಾದ್ರೆ ನೀನೇ ರಿಪೇರಿ ಮಾಡ್ಸು!" ಎಂದು ಮೇಷ್ಟ್ರು ಗೋಡೆಗೆ ಕೂಗಿದರು.

"ಮಾಲೀಕರಿಗೆ ತಿಳಿಸ್ತೀನಿ," ಎಂದಿತು ಗೋಡೆ.

ಮರುಕ್ಷಣ ಮೇಷ್ಟ್ರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಗೆದು, ಯಾರೆಂದು ನೋಡಿ, ಮತ್ತೆ ಜೇಬಿಗೇ ಹಾಕಿಕೊಂಡರು.

"ಎತ್ತಿ ಮೇಷ್ಟ್ರೇ," ಎಂದೆ.

"ಸುಮ್ನಿರಿ ಗವಿಯಪ್ಪ," ಎಂದರು ಪಿಸುಮಾತಿನಲ್ಲಿ. "ಎತ್ತಿದ್ರೆ ರಿಪೇರಿ ಮಾಡಿಸ್ಬೇಕಾಗುತ್ತೆ."