ಕಾಲುವೆ ದಂಡೆಯ ಕಂಟ್ರೋಲರ್

ಹಂಪಣ್ಣನ ತಲೆಗೆ ಈ ಹುಚ್ಚು ಹೊಕ್ಕಿದ್ದು ಭಾನುವಾರದ ಪುರವಣಿಯ ಒಂದು ಲೇಖನದಿಂದ. ‘ಮಳೆಗಾಲ ಮುಗಿಯಿತು, ದಿನಚರಿಗೆ ಹೊಸ ಗಾಳಿ ಬರಲಿ. ಪುಸ್ತಕ ಹಿಡಿಯಿರಿ, ಕೆಲಸಕ್ಕೆ ಬಿಡುವು ಕೊಡಿ, ಹಸಿರಿನ ನಡುವೆ ಸುಮ್ಮನೆ ಕುಳಿತುಕೊಳ್ಳಿ’ ಎಂದು ಬರೆದಿದ್ದರು. ಬರೆದವರದೇನು ಹೋಗುತ್ತದೆ!

ಹಂಪಣ್ಣ ಶಹಾಪುರ ಬಸ್‌ಸ್ಟ್ಯಾಂಡಿನ ಕಂಟ್ರೋಲರ್. ಇಪ್ಪತ್ತೆರಡು ವರ್ಷಗಳಿಂದ ಲೋಕ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ಬಸ್ ಯಾವಾಗ? ಮದುವೆಗೆ ಹೋದರೆ ಅಕ್ಷತೆ ಕೈಯಲ್ಲಿ ಹಿಡಿದವರೂ ಅದನ್ನೇ ಕೇಳುತ್ತಿದ್ದರು. ನಿದ್ದೆಯಲ್ಲಿ ಅವನು “ಸುರಪುರ, ಸುರಪುರ!” ಎಂದು ಕೂಗಿ ಹೆಂಡತಿ ಶಿವಬಸಮ್ಮನನ್ನು ಎಬ್ಬಿಸುತ್ತಿದ್ದ. ಯಾರೂ ಏನೂ ಕೇಳದ ಒಂದೇ ಒಂದು ದಿನ ಸಿಕ್ಕರೆ ಸಾಕು ಎಂಬುದು ಪಾಪ ಅವನ ಆಸೆ.

“ನಾಳೆ ರಜಾ ಹಾಕೀನಿ. ಕಾಲುವಿ ದಂಡಿಗೆ ಕೂತು ಪುಸ್ತಕ ಓದ್ತೀನಿ,” ಎಂದ.

“ಓದ್ರಿ, ಯಾರು ಬ್ಯಾಡ ಅಂದಾರ?” ಎಂದಳು ಶಿವಬಸಮ್ಮ, ರೊಟ್ಟಿ ಬಡಿಯುತ್ತಲೇ.

ಮರುದಿನ ಬೆಳಿಗ್ಗೆ ಅವನು ಸುರಪುರ ರಸ್ತೆಯ ಕಾಲುವೆ ಸೇತುವೆ ದಾಟಿ, ಬೇವಿನ ಮರದ ಕೆಳಗೆ ಟವೆಲ್ ಹಾಸಿ ಕೂತ. ಆಹಾ, ಎಂಥ ಹೊತ್ತದು! ಭತ್ತದ ತೆನೆ ಬಾಗಿತ್ತು, ತೊಗರಿ ಹಳದಿ ಹೂ ಬಿಟ್ಟಿತ್ತು, ಹತ್ತಿಕಾಯಿ ಒಡೆದು ಹೊಲದ ತುಂಬ ಬೆಳ್ಳಗೆ ನಗುತ್ತಿತ್ತು. ಕಾಲುವೆಯ ನೀರು ಯಾವ ವೇಳಾಪಟ್ಟಿಯ ಹಂಗೂ ಇಲ್ಲದೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ದೂರದಲ್ಲಿ, ಮಲಗಿದ ಬುದ್ಧನಂತೆ ಕಾಣುವ ಗುಡ್ಡ ಮಂಜಿನ ದುಪಟಿ ಹೊದ್ದು ಮಲಗೇ ಇತ್ತು. ಅದನ್ನು ಇಷ್ಟು ಕಾಲದಲ್ಲಿ ಒಬ್ಬರೂ ಎಬ್ಬಿಸಿ ಬಸ್ ಕೇಳಿಲ್ಲವಲ್ಲ ಎಂದು ಹಂಪಣ್ಣನಿಗೆ ಹೊಟ್ಟೆಕಿಚ್ಚಾಯಿತು. ಅವನು ಪುಸ್ತಕ ತೆರೆದು ಮೊದಲ ಸಾಲು ಓದಿದ. ಎರಡನೆಯ ಸಾಲಿಗೆ ಕಣ್ಣು ತಂತಾನೇ ಮುಚ್ಚಿತು.

“ಅಸ್ಸಲಾಮು ಅಲೈಕುಂ, ಕಂಟ್ರೋಲರ್ ಸಾಬ್!”

ಕಣ್ಣು ಬಿಟ್ಟರೆ ಎದುರಿಗೆ ಗಂಟು ಹೊತ್ತ ಮುದುಕಿ ಶರೀಫಾಬೀ. ಸುರಪುರದ ಮಗಳ ಮನೆಗೆ ಹೊರಟವಳು ಶಹಾಪುರದ ಕಡೆ ಕಾಲೆಳೆಯುತ್ತ ಬಸ್‌ಸ್ಟ್ಯಾಂಡಿಗೆ ನಡೆದಿದ್ದಳು. ಇವನನ್ನು ಕಂಡು ಗಂಟಿಳಿಸಿ ಕೂತೇಬಿಟ್ಟಳು.

“ಅಮ್ಮಾ, ಇಲ್ಲಿ ಬಸ್ ನಿಲ್ಲಂಗಿಲ್ಲ. ನಾ ರಜಾದಾಗ ಅದೀನಿ.”

“ನೀವು ರಜಾದಾಗ ಇರ್ರಿ ಬೇಟಾ. ಬಸ್ಸೇನು ರಜಾ ಹಾಕ್ಯಾವೇನು? ಕಂಟ್ರೋಲರ್ ಕೂತಲ್ಲಿ ಬಸ್ ಬರಲಾರ್ದ ಎಲ್ಲಿ ಹೋಗ್ತದ?”

ಅಷ್ಟು ಹೊತ್ತಿಗೆ ಕಕ್ಕೇರಾದ ರೈತ ಅಮಾತೆಪ್ಪ ಬಂದು, “ಕಕ್ಕೇರಾ ಗಾಡಿ ಯಾವಾಗರಿ?” ಎಂದ.

“ಹತ್ತೂ ನಲವತ್ತು!” ಎಂದಿತು ಹಂಪಣ್ಣನ ನಾಲಿಗೆ. ಅವನು ನಾಲಿಗೆ ಕಚ್ಚಿಕೊಂಡ. ಕೆಲಸ ಕೆಟ್ಟಿತ್ತು.

ಅಮಾತೆಪ್ಪ ಹೊಲದ ಕಡೆ ಬಾಯಿಗೆ ಕೈ ಹಿಡಿದು, “ಬರ್ರೋ, ಬಸ್‌ಸ್ಟ್ಯಾಂಡ್ ಇಲ್ಲೇ ಬಂದದ!” ಎಂದು ಕೂಗಿದ. ಹತ್ತಿ ಬಿಡಿಸುವ ಹೆಂಗಸರು ಬಂದರು, ಹಾಲಿನ ಕ್ಯಾನಿನವರು ಬಂದರು, ಇವರ ಹಿಂದೆಯೇ ಮಿರ್ಚಿ ಭಜಿಯ ಬಂಡಿಯೂ ಬಂತು. ಹಂಪಣ್ಣ ಪುಸ್ತಕ ಬಗಲಲ್ಲಿಟ್ಟು ಸೇತುವೆ ದಾಟಿ ಆಚೆ ದಂಡೆಗೆ ಹೋದ. ಹಿಂದಿರುಗಿ ನೋಡಿದರೆ ಮಂದಿಯೆಲ್ಲ ಗಂಟುಮೂಟೆ ಹೊತ್ತು ದಿಬ್ಬಣದಂತೆ ಬರುತ್ತಿದ್ದಾರೆ.

“ಯಾಕ ಬಂದ್ರಿ?”

“ಪ್ಲಾಟ್‌ಫಾರ್ಮ್ ಬದಲಾತಲ್ಲರಿ!” ಎಂದ ಅಮಾತೆಪ್ಪ.

ಅವನು ಸೋತು ಮರಳಿ ಬೇವಿನ ಮರಕ್ಕೆ ಬಂದ. ಮಂದಿಯೂ ಬಂದಿತು, ಭಜಿಯ ಬಂಡಿಯೂ ಬಂದಿತು.

ಅಷ್ಟರಲ್ಲಿ ಸುರಪುರದ ಬಸ್ಸು ಕಾಣಿಸಿತು. ಚಾಲಕ ಮುಷರಫ ರಸ್ತೆ ಬದಿಯಲ್ಲಿ ದೇವರನ್ನು ಕಂಡರೂ ನಿಲ್ಲಿಸುವವನಲ್ಲ, ಆದರೆ ಕಂಟ್ರೋಲರನನ್ನು ಕಂಡು ಮುಂದೆ ಹೋಗುವ ಧೈರ್ಯ ಯಾವ ಚಾಲಕನಿಗಿದೆ? ಗಕ್ಕನೆ ಬ್ರೇಕ್ ಹಾಕಿದ. ನಿರ್ವಾಹಕ ಓಡಿ ಬಂದು ಲಾಗ್‌ಶೀಟ್ ಚಾಚಿದ.

“ಸರ, ಸೈನ್ ಹಾಕ್ರಿ. ಹೊಸ ಪಾಯಿಂಟ್ ಅಂತ ಯಾರೂ ಹೇಳೇ ಇಲ್ಲ ನೋಡ್ರಿ!”

“ಇದು ಪಾಯಿಂಟ್ ಅಲ್ಲೋ ಮಾರಾಯ, ನಾ ಇಲ್ಲಿ ಓದಾಕ...”

“ಸೈನ್ ಹಾಕಿ ಓದ್ರಿ ಸರ, ಲೇಟ್ ಆಗಾಕತ್ತದ.”

ಹಂಪಣ್ಣ ಸಹಿ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಹದಿನೇಳು ಬಸ್ಸು ನಿಂತು ಹೋಗಿದ್ದವು, ಅವನು ಹದಿನೇಳು ಸಹಿ ಹಾಕಿದ್ದ. ಪುಸ್ತಕದ ಎರಡನೆಯ ಸಾಲು ಮಾತ್ರ ಅಲ್ಲೇ ಉಳಿದಿತ್ತು.

ಆಮೇಲೆ ಧೂಳೆಬ್ಬಿಸುತ್ತ ಜೀಪು ಬಂತು. ಅದರಿಂದ ಡಿಪೋ ಮ್ಯಾನೇಜರ್ ಲಕ್ಷ್ಮಿಕಾಂತ ಇಳಿದರು. ಹಂಪಣ್ಣ ದಡಬಡಿಸಿ ಎದ್ದು ನಿಂತ. ಸಸ್ಪೆಂಡ್ ಖಾತ್ರಿ ಅಂದುಕೊಂಡ.

ಲಕ್ಷ್ಮಿಕಾಂತರು ಮಂದಿಯನ್ನು ನೋಡಿದರು, ಲಾಗ್‌ಶೀಟ್ ನೋಡಿದರು, ಒಂದು ಭಜಿ ತಿಂದರು. “ಇಲ್ಲೊಂದು ನಿಲುಗಡಿ ಬೇಕಂತ ಊರವರು ಅರ್ಜಿ ಕೊಡಾಕತ್ತು ಹನ್ನೆರಡು ವರ್ಷ ಆತು. ಮಂದಿ ಎಲ್ಲಿ ಬರ್ತಾರ ಅಂತ ನಾವ ಸುಮ್ಮನಿದ್ವಿ. ನೀವು ರಜಾದಾಗ ಬಂದು ತೋರಿಸಿಬಿಟ್ರಿ. ಶಹಬ್ಬಾಸ್! ನಾಳೆಯಿಂದ ನಿಮ್ಮ ಡ್ಯೂಟಿ ಇಲ್ಲೇ.”

ಹಂಪಣ್ಣ ಮೆಲ್ಲಗೆ ಕೇಳಿದ: “ಮತ್ತ ನನ್ನ ಇವತ್ತಿನ ರಜಾ, ಸರ?”

“ಹದಿನೇಳು ಸೈನ್ ಹಾಕೀರಿ, ರಜಾ ಹೆಂಗ ಆಗ್ತದ? ಅದು ರದ್ದು. ಆದ್ರ ಹಾಜರಿ ಪುಸ್ತಕದಾಗ ನಿಮ್ಮ ಸೈನ್ ಇಲ್ಲ. ಹಿಂಗಾಗಿ ಡ್ಯೂಟಿನೂ ಅಲ್ಲ. ಗೈರುಹಾಜರಿ ಅಂತ ಬರಕೋತೀನಿ, ಬೇಜಾರು ಮಾಡ್ಕೋಬ್ಯಾಡ್ರಿ.”

ಜೀಪು ಹೋಯಿತು. ಹಂಪಣ್ಣ ಮರಕ್ಕೆ ಒರಗಿದ. ಅಳುವೇ ಬಂತು ಅವನಿಗೆ. ಆಗ ಊರ ಕಡೆಯಿಂದ ಚೀಲ ಹಿಡಿದು ಶಿವಬಸಮ್ಮ ಬರುವುದು ಕಂಡಿತು. ಬಿಸಿಲಲ್ಲಿ ಬುತ್ತಿ ಹೊತ್ತು ನಡೆದು ಬಂದಳಲ್ಲ, ಈ ಲೋಕದಲ್ಲಿ ನನ್ನನ್ನು ನಾನೆಂದೇ ಹುಡುಕಿಕೊಂಡು ಬರುವವಳು ಇವಳೊಬ್ಬಳೇ ಎಂದು ಅವನ ಕಣ್ಣು ಒದ್ದೆಯಾಯಿತು.

“ಬಾ, ಕೂಡು. ಏನು ತಂದಿ?”

“ಸೀರಿ ತಂದೀನ್ರಿ. ನಿಮ್ಮ ಸುದ್ದಿ ಓಣಿ ತುಂಬ ಆಗ್ಯಾದ. ಗಂಡಸರಿಗೆ ಬಿಡುವು ಬೇಕಾದ್ರ ನಮಗ ಬ್ಯಾಡೇನು? ಎಂಟು ದಿನ ತವರುಮನಿಗೆ ಹೋಗಿ ಸುಮ್ಮನ ಮಲಗಿ ಬರ್ತೀನಿ.” ಶಿವಬಸಮ್ಮ ಸೆರಗಿನಿಂದ ಬೆವರೊರೆಸಿಕೊಂಡಳು. “ಅಂದಂಗ, ಸುರಪುರ ಬಸ್ ಯಾವಾಗರಿ?”

“ಎರಡೂ ಹತ್ತು!” ಎಂದಿತು ನಾಲಿಗೆ.

ಎರಡೂ ಹತ್ತಕ್ಕೆ ಸರಿಯಾಗಿ ಬಸ್ಸು ಬಂತು. ಶಿವಬಸಮ್ಮ ಹತ್ತಿ ಕಿಟಕಿ ಪಕ್ಕ ಕೂತಳು. ನಿರ್ವಾಹಕ ಲಾಗ್‌ಶೀಟ್ ಚಾಚಿದ, ಹಂಪಣ್ಣ ಸಹಿ ಹಾಕಿದ.